ಎಷ್ಟು ಕುಡಿದರೂ ಅಲುಗಾಡದವರು

“ಅಂವಾ ಎಷ್ಟರ ಕುಡೀಲಿ, ಒಂದೀಟೂ ಅಲುಗ್ಯಾಡಂಗಿಲ್ಲ ನೋಡ್ರಿ!” ಚಿಮ್ಮಡದಿಂದ ಜಮಖಂಡಿಯವರೆಗೆ, ಮುಧೋಳದಿಂದ ಬೀಳಗಿಯವರೆಗೆ ಯಾವ ಚಹಾದಂಗಡಿಯ ಹಲಗೆಯ ಮೇಲೆ ಕೂತರೂ ಒಂದಲ್ಲ ಒಂದು ದಿನ ಈ ಹೊಗಳಿಕೆ ಕಿವಿಗೆ ಬೀಳುತ್ತದೆ. ಎರಡು ಗುಟುಕಿಗೇ ತೂರಾಡುವವನು ಊರಿಗೆಲ್ಲ ನಗೆಪಾಟಲು. ಬಾಟಲಿ ಮುಗಿಸಿ ನೆಟ್ಟಗೆ ನಡೆದು ಮನೆ ಸೇರುವವನು ಗಂಡಸು. ಈ ಲೆಕ್ಕ ತಲೆಕೆಳಗಾಗಿದೆ ಎಂದು ಹೇಳುವುದಕ್ಕಾಗಿಯೇ ಈ ಹರಟೆಗೆ ಕೂತಿದ್ದೇನೆ.

ಅಮೆರಿಕದ ಮನೋವೈದ್ಯ ಮಾರ್ಕ್ ಶುಕಿಟ್ ಎಪ್ಪತ್ತರ ದಶಕದ ಕೊನೆಯಲ್ಲಿ ಒಂದು ಕೆಲಸ ಶುರುಮಾಡಿದರು. ಕುಡಿತಕ್ಕೆ ದಾಸರಾದ ತಂದೆಯರ ಮಕ್ಕಳು, ಅಂಥ ತಂದೆಯಿಲ್ಲದ ಮಕ್ಕಳು, ಹೀಗೆ ಇಪ್ಪತ್ತರ ಆಸುಪಾಸಿನ ಹುಡುಗರಿಗೆ ಒಂದೇ ಅಳತೆಯ ಮದ್ಯ ಕೊಟ್ಟು, ಯಾರಿಗೆ ಎಷ್ಟು ಏರುತ್ತದೆಂದು ನೋಡಿದರು. ಆಮೇಲೆ ವರ್ಷಗಟ್ಟಲೆ ಅವರ ಬೆನ್ನು ಬಿಡಲಿಲ್ಲ. ಅಂದು ಯಾರಿಗೆ ಕಡಿಮೆ ಏರಿತ್ತೋ, ಯಾರು ಅಲುಗಾಡಿರಲಿಲ್ಲವೋ, ಮುಂದೆ ಕುಡಿತದ ದಾಸರಾದವರು ಅವರಲ್ಲೇ ಹೆಚ್ಚು. ಕಾರಣ ಸರಳ. ತೂರಾಡುವವನಿಗೆ ದೇಹವೇ ಸಾಕು ಎನ್ನುತ್ತದೆ. ಅಲುಗಾಡದವನಿಗೆ ಆ ಎಚ್ಚರಿಕೆ ತಡವಾಗಿ ಬರುತ್ತದೆ, ಆದ್ದರಿಂದ ಅವನ ಅಳತೆ ಏರುತ್ತಲೇ ಹೋಗುತ್ತದೆ. ನಾವು ಶಾಭಾಸ್ ಎಂದು ಬೆನ್ನು ತಟ್ಟುವುದು ಒಂದು ಅಪಾಯದ ಲಕ್ಷಣಕ್ಕೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ವಿವೇಕ್ ಬೆನೆಗಲ್ ಮತ್ತು ಜೊತೆಗಾರರು ಕುಡುಕ ತಂದೆಯರ ಮಕ್ಕಳ ಮಿದುಳಿನ ವಿದ್ಯುತ್ ಸ್ಪಂದನಗಳನ್ನು ಅಳೆದಾಗಲೂ ಬೇರೆ ಮಕ್ಕಳಿಗಿಂತ ವ್ಯತ್ಯಾಸ ಕಂಡಿತು. ಕುಡಿತದ ಅಪಾಯದಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ವಂಶದ್ದು ಎಂದು ಅವಳಿಗಳ ಅಧ್ಯಯನಗಳು ಹೇಳುತ್ತವೆ. “ಅಪ್ಪ ಕುಡೀತಿದ್ದ, ಮಗಾ ಬಿಡ್ತಾನೇನು, ರಕ್ತದಾಗ ಐತಿ” ಎಂದು ಕಟ್ಟೆಯ ಮೇಲೆ ಕೂತು ತೀರ್ಪು ಕೊಡುವವರು ಈ ಅರ್ಧವನ್ನೇ ಪೂರ್ತಿ ಮಾಡಿಬಿಡುತ್ತಾರೆ. ವಂಶ ಮಣ್ಣಿದ್ದಂತೆ, ಸುತ್ತಲಿನದು ಮಳೆಯಿದ್ದಂತೆ. ಅದೇ ಮಳೆ ಎರೆ ಹೊಲಕ್ಕೂ ಮಸಾರಿ ಹೊಲಕ್ಕೂ ಬೀಳುತ್ತದೆ. ಎರೆಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತದೆ ನಿಜ, ಆದರೆ ಮಳೆಯೇ ಬೀಳದೆ ಅದು ನೆನೆಯುವುದಿಲ್ಲ.

ನಮ್ಮಲ್ಲಿ ಈ ಮಳೆ ಬಹಳ ಬೇಗ ಶುರುವಾಗುತ್ತದೆ. ಹತ್ತು ವರ್ಷದ ಹುಡುಗನ ಕೈಗೆ ದುಡ್ಡು ಕೊಟ್ಟು “ಒಂದ್ ತಂಬಾಕ ಚೀಟಿ ತಗೊಂಬಾ” ಎಂದು ಅಂಗಡಿಗೆ ಓಡಿಸುತ್ತೇವೆ. ಅಜ್ಜ ಚಂಚಿ ಬಿಚ್ಚಿ, ಎಡಗೈ ಅಂಗೈಯಲ್ಲಿ ಸುಣ್ಣ ಹಚ್ಚಿ, ಹೆಬ್ಬೆರಳಿನಿಂದ ತಂಬಾಕು ತಿಕ್ಕಿ, ಎರಡು ಸಲ ತಟ್ಟಿ ಧೂಳು ಹಾರಿಸಿ, ಪಕ್ಕದಲ್ಲಿ ಕೂತವನಿಗೆ ಮೊದಲು ಚಾಚುವುದನ್ನು ಆ ಹುಡುಗ ದಿನಾ ನೋಡುತ್ತಾನೆ. ಅವನ ಕಣ್ಣಿಗೆ ಅದು ಸ್ನೇಹ, ದೊಡ್ಡವರ ಲಕ್ಷಣ. ಮುಂದಾಲೋಚನೆ ಮಾಡಿ ಕೈ ತಡೆಯುವ ಮಿದುಳಿನ ಮುಂಭಾಗ ಪೂರ್ತಿ ಬಲಿಯಲು ಇಪ್ಪತ್ತೈದರ ಹತ್ತಿರ ಬರಬೇಕು. ಸುಖ ಬೇಡುವ ಭಾಗ ಹದಿಹರೆಯದಲ್ಲೇ ಜೋರು. ಹದಿನಾಲ್ಕಕ್ಕೆ ಕುಡಿತ ಶುರುಮಾಡಿದವನು ಅದಕ್ಕೆ ಸಿಕ್ಕಿಬೀಳುವ ಅಪಾಯ ಇಪ್ಪತ್ತೊಂದು ದಾಟಿ ಶುರುಮಾಡಿದವನಿಗಿಂತ ಬಹಳ ಹೆಚ್ಚು.

ಹೆಣ್ಣುಮಕ್ಕಳ ಮಿಶ್ರಿಯನ್ನು ಯಾರೂ ಚಟವೆಂದು ಎಣಿಸುವುದೇ ಇಲ್ಲ. ಸುಟ್ಟ ತಂಬಾಕಿನ ಆ ಪುಡಿ ಶುರುವಾಗುವುದು ಹಲ್ಲುನೋವಿಗೆ. ನೋವು ಹೋದರೂ ಡಬ್ಬಿ ಹೋಗುವುದಿಲ್ಲ. ಬೆಳಗ್ಗೆ ತಿಕ್ಕದಿದ್ದರೆ ತಲೆ ಹಿಡಿಯುತ್ತದೆ, ಹೊಲದ ಕೆಲಸಕ್ಕೆ ಮನಸ್ಸು ಬಾರದು. ಬಹಳ ಚಟಗಳ ಬುಡದಲ್ಲಿ ಹೀಗೆ ಒಂದು ನೋವು ಇರುತ್ತದೆ. ಕೆಲವೊಮ್ಮೆ ಅದು ಹಲ್ಲಿನದಲ್ಲ, ಮನಸ್ಸಿನದು. ಖಿನ್ನತೆ, ಹೆದರಿಕೆ, ಚಿಕ್ಕಂದಿನ ಹೊಡೆತ, ಸಾಲ ಕೊಟ್ಟವನ ಫೋನು. ನಿದ್ದೆ ಬರದವನು ನಿದ್ದೆಗಾಗಿ ಕುಡಿಯುತ್ತಾನೆ. ಆ ನಿದ್ದೆ ಮಧ್ಯರಾತ್ರಿಗೇ ಒಡೆಯುತ್ತದೆ, ಮರುದಿನ ಕಳವಳ ಹೆಚ್ಚಾಗಿರುತ್ತದೆ.

ಇನ್ನು ದುಡಿಮೆಯ ಮಾತು. ರಬಕವಿ-ಬನಹಟ್ಟಿಯ ಪವರ್‌ಲೂಮ್ ಶೆಡ್ಡಿನೊಳಗೆ ಒಂದು ತಾಸು ನಿಂತು ನೋಡಿ. ಪಕ್ಕದವನ ಮಾತು ಕೇಳಿಸದ ಸದ್ದು, ಎಷ್ಟು ನೇಯ್ದರೆ ಅಷ್ಟೇ ಕೂಲಿ. ಅಲ್ಲಿ ದವಡೆಯಲ್ಲಿಟ್ಟ ಗುಟ್ಕಾ ಎಚ್ಚರವಿರಲು ಬಂದದ್ದು. ಹಂಗಾಮಿಗೆ ಮುಂಚೆಯೇ ಮುಂಗಡ ತೆಗೆದುಕೊಂಡು ಬರುವ ಕಬ್ಬು ಕಡಿಯುವ ಗಂಡಹೆಂಡಿರಿಗೆ ನಸುಕಿನ ಚಳಿ, ಸಂಜೆಯ ಮೈಕೈ ನೋವು. ಇವರಿಗೆ “ಮನಸ್ಸು ಗಟ್ಟಿ ಮಾಡ್ಕೋ” ಎಂದಷ್ಟೇ ಹೇಳಿ ಹೋಗುವುದು ನನಗೆ ನ್ಯಾಯವೆನಿಸುವುದಿಲ್ಲ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೈನಿಕರಲ್ಲಿ ಐವರಲ್ಲೊಬ್ಬ ಹೆರಾಯಿನ್‌ಗೆ ಅಂಟಿಕೊಂಡಿದ್ದ. ಲೀ ರಾಬಿನ್ಸ್ ಎಂಬ ಸಂಶೋಧಕಿ ಅವರನ್ನು ಊರಿಗೆ ಮರಳಿದ ಮೇಲೆ ಹುಡುಕಿ ಮಾತಾಡಿಸಿದಾಗ ಬಹುಪಾಲು ಜನ ಅದನ್ನು ಬಿಟ್ಟಾಗಿತ್ತು. ರಕ್ತ ಅದೇ, ಮನುಷ್ಯ ಅವನೇ, ಸುತ್ತಲಿನದು ಮಾತ್ರ ಬದಲಾಗಿತ್ತು.

ಸುತ್ತಲಿನದನ್ನು ಸರಕಾರವೂ ಬದಲಿಸಲು ನೋಡಿದೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಆದರೆ ಅಗ್ಗದ ವಿಸ್ಕಿ ಪಾಕೀಟು ಉಳಿಯಿತು. 2013ರಲ್ಲಿ ಗುಟ್ಕಾ ನಿಷೇಧವಾಯಿತು. ಪಾನ್ ಮಸಾಲ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ, ಕೊಂಡವನೇ ಬಾಯಲ್ಲಿ ಕೂಡಿಸಿಕೊಂಡ.

ಇದೇ ಜಮಖಂಡಿ ಸೀಮೆಯ ಹಿಪ್ಪರಗಿಯಲ್ಲಿ 1930ರ ಆಗಸ್ಟ್ 1ರಂದು ಹುಟ್ಟಿದ ಇಳಕಲ್ಲಿನ ಮಹಾಂತ ಸ್ವಾಮೀಜಿ ಬೇರೆ ದಾರಿ ಹಿಡಿದರು. 1975ರಿಂದ ಜೋಳಿಗೆ ಹಿಡಿದು ಓಣಿ ಓಣಿ ತಿರುಗಿದರು. ಕಾಳು ಬೇಡಲಿಲ್ಲ, ನಿಮ್ಮ ದುಶ್ಚಟ ಹಾಕಿರಿ ಎಂದರು. ಜನ ಬೀಡಿ ಹಾಕಿದರು, ಗುಟ್ಕಾ ಚೀಟಿ ಹಾಕಿದರು. ಅವರ ಹುಟ್ಟಿದ ದಿನವೇ ಈಗ ರಾಜ್ಯದ ವ್ಯಸನಮುಕ್ತ ದಿನ. ಈ ಜೋಳಿಗೆಯ ದೊಡ್ಡತನ ನನಗೆ ಕಾಣುವುದು ಇಲ್ಲಿ: ಕುಡುಕನ ಮನೆ ಬಾಗಿಲಿಗೆ ಬೈಯಲು ಹೋಗುವವರು ಊರ ತುಂಬ ಇದ್ದರು, ಬೇಡಲು ಹೋದವರು ಅವರು. ನಾಚಿಕೆ ಕುಡಿತವನ್ನು ಬಿಡಿಸುವುದಿಲ್ಲ, ಬಚ್ಚಿಡಿಸುತ್ತದೆ.

ಆಣೆ ಮಾಡಿ ಬಿಡುವವರಿಗೂ ಒಂದು ಮಾತು ಹೇಳಲೇಬೇಕು. ವರ್ಷಗಟ್ಟಲೆ ದಿನವೂ ಕುಡಿದವನು ದೇವರ ಮೇಲೆ ಆಣೆಯಿಟ್ಟು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಕೈ ನಡುಗಬಹುದು, ಫಿಟ್ಸ್ ಬರಬಹುದು, ಇಲ್ಲದ್ದು ಕಾಣಿಸಬಹುದು. ಅದು ಗಾಳಿಯಲ್ಲ, ದೆವ್ವವಲ್ಲ. ಜೀವಕ್ಕೆ ಅಪಾಯವಿರುವ ಕಾಯಿಲೆ, ಅದಕ್ಕೆ ಔಷಧಿ ಇದೆ. ಆಣೆಯ ಜೊತೆಗೆ ವೈದ್ಯರೂ ಬೇಕು.

ನಿಮ್ಮ ಮನೆತನದಲ್ಲಿ ಯಾರಾದರೂ ಕುಡಿತಕ್ಕೆ ಬಲಿಯಾಗಿದ್ದರೆ ಬೆಳೆದ ಮಕ್ಕಳಿಗೆ ಅದನ್ನು ಮುಚ್ಚಿಡದೆ ಹೇಳಿ, ಸಕ್ಕರೆ ಕಾಯಿಲೆಯ ಬಗ್ಗೆ ಹೇಳುವಂತೆಯೇ. ವ್ಯಸನ ಬಿಡಲು ನೆರವಿಗೆ 14446, ಮನಸ್ಸಿನ ಸಂಕಟಕ್ಕೆ ಟೆಲಿ-ಮಾನಸ್ 14416, ಎರಡೂ ಉಚಿತ. ಮತ್ತೆ, ದಯವಿಟ್ಟು, ನಾಳೆಯಿಂದ ತಂಬಾಕಿನ ಚೀಟಿಗೆ ಹುಡುಗನನ್ನು ಅಂಗಡಿಗೆ ಕಳಿಸಬೇಡಿ.