ಪುರೋಹಿತನ ಆರು ಅಂಕಗಳು

ಮೇಜಿನ ಸುತ್ತ ಕುಳಿತು, ಕಾಗದ, ಪೆನ್ಸಿಲು, ದಾಳಗಳ ನೆರವಿನಿಂದ ಕಾಡು ಕೋಟೆಗಳನ್ನೂ ಪಾತಾಳಗುಹೆಗಳನ್ನೂ ಸುತ್ತಿಬರುವ ಆಟವೊಂದುಂಟು. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂದು ಅದರ ಹೆಸರು. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರು ರಚಿಸಿದ ಈ ಆಟ 1974ರಲ್ಲಿ ಪ್ರಕಟವಾಯಿತು. ಇದರಲ್ಲಿ ಪ್ರತಿಯೊಬ್ಬ ಆಟಗಾರನೂ ಒಂದೊಂದು ವೇಷವನ್ನು ತೊಡಬೇಕು. ವೀರನ ವೇಷಕ್ಕೆ ಜನ ಮುಗಿಬೀಳುತ್ತಾರೆ. ಕಳ್ಳನ ವೇಷಕ್ಕೆ ಕೇಳುವುದೇ ಬೇಡ. ಮಾಂತ್ರಿಕನಿಗೂ ಅಭ್ಯರ್ಥಿಗಳ ಕೊರತೆಯಿಲ್ಲ. ‘ಕ್ಲೆರಿಕ್’ ಎಂಬ ಪುರೋಹಿತನ ವೇಷವೊಂದೇ ಅನಾಥವಾಗಿ ಉಳಿಯುವುದು. ಆದರೆ ಗಾಯಗೊಂಡವರನ್ನು ಬದುಕಿಸಬಲ್ಲವನು ಅವನೇ ಆದುದರಿಂದ ಅವನಿಲ್ಲದೆ ಗುಹೆಗೆ ಇಳಿಯಲು ಯಾರಿಗೂ ಧೈರ್ಯವಿಲ್ಲ! ಎಲ್ಲರಿಗೂ ಬೇಕಾದವನು, ಆದರೆ ಯಾರೂ ಆಗಬಯಸದವನು.

ಪಂಚಾಂಗ ಹಿಡಿದು ಮುಹೂರ್ತ ನೋಡುವ ಪುರೋಹಿತ ಇವನಲ್ಲ. ಕಬ್ಬಿಣದ ಕವಚ ತೊಟ್ಟು, ಗದೆ ಹಿಡಿದು ಯುದ್ಧಕ್ಕೆ ನಡೆಯುವವನು. ಆರ್ನೆಸನ್ ಅವರ ‘ಬ್ಲ್ಯಾಕ್‌ಮೂರ್’ ಆಟದಲ್ಲಿ ಒಬ್ಬ ಆಟಗಾರ ರಕ್ತಪಿಶಾಚಿಯ ವೇಷದಲ್ಲಿ ಹಾವಳಿಯೆಬ್ಬಿಸಿದಾಗ, ಅವನನ್ನು ಹತ್ತಿಕ್ಕಲೆಂದೇ ಈ ಪಾತ್ರ ಹುಟ್ಟಿತಂತೆ. ಕೈಯಲ್ಲಿ ಗದೆಯೇ ಏಕೆ, ಖಡ್ಗವೇಕೆ ಇಲ್ಲ ಎಂದು ಕೇಳುವವರಿಗೂ ಉತ್ತರವುಂಟು. 1066ರ ಹೇಸ್ಟಿಂಗ್ಸ್ ಯುದ್ಧವನ್ನು ಚಿತ್ರಿಸುವ ಬಾಯೂ ಕಸೂತಿಪಟದಲ್ಲಿ ಬಿಷಪ್ ಓಡೋ ದೊಣ್ಣೆ ಹಿಡಿದು ಕುದುರೆಯೇರಿದ್ದಾನೆ. ಧರ್ಮಗುರುವಾದವನು ರಕ್ತ ಚೆಲ್ಲಬಾರದೆಂದೇ ಅವನು ದೊಣ್ಣೆ ಹಿಡಿದನೆಂಬ ಕಥೆ ಬೆಳೆಯಿತು. ದೊಣ್ಣೆಯಿಂದ ತಲೆಯೊಡೆದರೆ ರಕ್ತ ಬಾರದೆಂದು ಯಾರು ನಂಬಿದರೋ!

ಇರಲಿ. ವೇಷ ಕಟ್ಟುವ ಮೊದಲು ಅದಕ್ಕೆ ಆರು ಗುಣಗಳ ಅಂಕಗಳನ್ನು ಹಂಚಬೇಕು: ಬಲ, ಚುರುಕು, ದೇಹದಾರ್ಢ್ಯ, ಬುದ್ಧಿ, ವಿವೇಕ, ವರ್ಚಸ್ಸು. ಮೊದಮೊದಲು ಪ್ರತಿ ಗುಣಕ್ಕೂ ಮೂರು ದಾಳ ಉರುಳಿಸಿ, ಬಿದ್ದದ್ದನ್ನು ಒಪ್ಪಿಕೊಳ್ಳುತ್ತಿದ್ದರು. ಪೂರ್ಣಾಂಕವಾದ 18 ಬೀಳುವ ಸಂಭವ 216ಕ್ಕೆ ಒಂದು. ಹಣೆಬರಹ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಗಣಿತ ದೊರೆಯದು. 2014ರಲ್ಲಿ ಹೊರಬಂದ ಐದನೆಯ ಆವೃತ್ತಿ ಹಣೆಬರಹವನ್ನು ಬೇಡವೆನ್ನುವವರಿಗೂ ದಾರಿ ತೋರಿಸಿತು. ಎಲ್ಲರಿಗೂ ಒಂದೇ ಗಂಟು: 15, 14, 13, 12, 10, 8. ಯಾವುದನ್ನು ಎಲ್ಲಿಡಬೇಕೆಂಬುದು ಅವರವರ ಇಷ್ಟ. ಸಂಕಟ ಹುಟ್ಟುವುದೂ ಅಲ್ಲಿಯೇ. ದಾಳ ಕೆಟ್ಟರೆ ದಾಳವನ್ನು ಬಯ್ಯಬಹುದು. ತಾನೇ ಹಂಚಿದ ಅಂಕ ಕೆಟ್ಟರೆ ಯಾರನ್ನು ಬಯ್ಯುವುದು?

ಅಮೆರಿಕದ ಯಾವುದೋ ಪಟ್ಟಣದಲ್ಲಿ, ಇಂಥ ಮೇಜಿಗೆ ಕೊನೆಯವನಾಗಿ ಬಂದ ಒಬ್ಬ ತರುಣನನ್ನು ಓದುಗರು ಕಲ್ಪಿಸಿಕೊಳ್ಳಬೇಕು. ಮೂವರು ಆಗಲೇ ವೀರನನ್ನೂ ಕಳ್ಳನನ್ನೂ ಮಾಂತ್ರಿಕನನ್ನೂ ಹಂಚಿಕೊಂಡಾಗಿದೆ. ಉಳಿದದ್ದು ಪುರೋಹಿತ. ತರುಣ ಮಿತಭಾಷಿ, ನಾಲ್ವರ ನಡುವೆ ಬಾಯಿ ತೆರೆದರೆ ಮಾತು ತೊದಲುವ ಸ್ವಭಾವದವನು.

15ನ್ನು ಎಲ್ಲಿಡಬೇಕೆಂಬ ಬಗ್ಗೆ ಅವನಿಗೆ ಸಂದೇಹವಿರಲಿಲ್ಲ. ಪುರೋಹಿತನ ಮಂತ್ರಶಕ್ತಿಯೆಲ್ಲ ನಿಂತಿರುವುದು ವಿವೇಕದ ಮೇಲೆ. 2014ರ ನಿಯಮಗಳಲ್ಲಿ ಎಷ್ಟು ಮಂತ್ರಗಳನ್ನು ಸಿದ್ಧಪಡಿಸಿಕೊಳ್ಳಬಹುದು, ಗಾಯ ಎಷ್ಟರಮಟ್ಟಿಗೆ ಮಾಯುತ್ತದೆ ಎಂಬುದನ್ನು ನಿಶ್ಚಯಿಸುತ್ತಿದ್ದುದು ಅದೇ. ಆ ನಿಯಮಗಳಲ್ಲಿ ಮಾನವ ಕುಲಕ್ಕೆ ಸೇರಿದ ಪಾತ್ರಕ್ಕೆ ಪ್ರತಿ ಗುಣದಲ್ಲಿಯೂ ಒಂದು ಅಂಕ ಹೆಚ್ಚಾಗಿ ಸಿಗುತ್ತಿದ್ದುದರಿಂದ 15 ಎಂಬುದು 16 ಆಯಿತು. 13ನ್ನು ಬಲಕ್ಕೆ ಇಟ್ಟ. ಸರಪಳಿ ಕವಚ ಹೊರಲು ಅಷ್ಟಾದರೂ ಬೇಕು. ಆ ಕವಚ ತೊಟ್ಟವನಿಗೆ ಚುರುಕು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಆದ್ದರಿಂದ ಅಲ್ಲಿಗೆ 10 ಸಾಕು. (ಅದರ ಝಣತ್ಕಾರದಿಂದ ಕಳ್ಳನ ಕಳ್ಳಹೆಜ್ಜೆಗೆ ಆಗುವ ತೊಂದರೆ ಬೇರೆಯ ಮಾತು.)

ಕೊನೆಯ 8 ಹೋದದ್ದು ಬುದ್ಧಿಗೆ. ಇಲ್ಲೊಂದು ತಮಾಷೆಯಿದೆ. ಈ ಆಟದ ನಿಯಮದಲ್ಲಿ ಧರ್ಮಗಳ ಇತಿಹಾಸ, ದೇವತೆಗಳ ಲಾಂಛನ, ಪೂಜಾವಿಧಾನಗಳನ್ನು ಬಲ್ಲೆನೆಂಬ ಪಾಂಡಿತ್ಯ ಸೇರುವುದು ಬುದ್ಧಿಯ ಲೆಕ್ಕಕ್ಕೆ, ವಿವೇಕದ ಲೆಕ್ಕಕ್ಕಲ್ಲ. ಹೀಗಾಗಿ ಪಾಳು ಗುಡಿಯ ಗೋಡೆಯ ಮೇಲಿನ ಕೆತ್ತನೆ ಯಾವ ದೇವರದೆಂದು ಪುರೋಹಿತನಿಗಿಂತ ಮಾಂತ್ರಿಕನೇ ಚೆನ್ನಾಗಿ ಹೇಳಬಲ್ಲ. ಆದರೆ ಆ ದೇವರು ಓಗೊಡುವುದು ಮಾತ್ರ ಪುರೋಹಿತನಿಗೆ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ಕನ್ನಡದ ಗಾದೆ ನುಡಿದ ಅಂತರವನ್ನೇ ಇವರು ಬೇರೆ ಹೆಸರುಗಳಿಂದ ಹಿಡಿದಿಟ್ಟಿದ್ದಾರೆ.

ಇನ್ನುಳಿದವು 14 ಮತ್ತು 12. ಇನ್ನುಳಿದ ಗುಣಗಳು ದೇಹದಾರ್ಢ್ಯ ಮತ್ತು ವರ್ಚಸ್ಸು. ಪೆನ್ಸಿಲು ನಿಂತುಹೋಯಿತು.

ವರ್ಚಸ್ಸೆಂದರೆ ಮಾತಿನ ಮೋಡಿ. ಅರಸನ ಸಭೆಯಲ್ಲಿ ಎದ್ದು ನಿಂತು ನುಡಿದರೆ ಸಭೆಯೇ ತಲೆದೂಗಬೇಕು! ಬಾಳಿನಲ್ಲಿ ಎಂದೂ ಹಾಗೆ ನುಡಿಯಲಾಗದವನಿಗೆ ವಾರಕ್ಕೊಮ್ಮೆ ಮೂರು ಗಂಟೆಗಳ ಮಟ್ಟಿಗಾದರೂ ಆ ಸುಖ ಬೇಡವೆ? ಅವನು 14ನ್ನು ವರ್ಚಸ್ಸಿನ ಮುಂದೆ ಬರೆದ. ಅಳಿಸಿದ. ಮತ್ತೆ ಬರೆದ. ಲೆಕ್ಕ ಬಲ್ಲವರು ನಗಬಹುದು. ಆದರೆ ಎರಡು ಅಂಕಗಳ ಆಸೆಯೆಂದು ಅದನ್ನು ತಳ್ಳಿಹಾಕುವುದು ಕಠಿಣ ಮನಸ್ಸಿನ ಮಾತು.

ದೇಹದಾರ್ಢ್ಯದ ಪಕ್ಷದಲ್ಲಿ ವಾದಿಸುವುದು ಪ್ರಾಣ. ಮೊದಲ ಹಂತದ ಪುರೋಹಿತನ ಪ್ರಾಣಾಂಕ ಎಂಟು. ಅದರೊಡನೆ ದಾರ್ಢ್ಯದ ಹೆಚ್ಚುವರಿ ಕೂಡಬೇಕು. ಇದು ಸ್ವಾರ್ಥದ ಮಾತೆಂದು ತೋರಬಹುದು, ಆದರೆ ಹಾಗಲ್ಲ. ‘ಬ್ಲೆಸ್’ ಎಂಬ ಆಶೀರ್ವಾದ ಮಂತ್ರ ಮೂವರಿಗೆ ಸಲ್ಲುತ್ತದೆ. ಅವರ ಪ್ರತಿ ಹೊಡೆತಕ್ಕೂ ನಾಲ್ಕು ಮುಖದ ದಾಳವೊಂದು ನೆರವಾಗುತ್ತದೆ. ಆದರೆ ಅದು ನಿಲ್ಲುವುದು ಪುರೋಹಿತನ ಏಕಾಗ್ರತೆ ಇರುವ ತನಕ. ಅವನಿಗೆ ಪೆಟ್ಟು ಬಿದ್ದರೆ ಇಪ್ಪತ್ತು ಮುಖದ ದಾಳ ಉರುಳಿಸಿ, ದಾರ್ಢ್ಯದ ಹೆಚ್ಚುವರಿಯನ್ನು ಕೂಡಿಸಿ, ಕಡೆಯ ಪಕ್ಷ 10 ತರಬೇಕು. ತರದಿದ್ದರೆ ಮೂವರ ಆಶೀರ್ವಾದವೂ ಒಮ್ಮೆಲೇ ಆರಿಹೋಗುತ್ತದೆ.

ಇದನ್ನು ಓದಿದ ಮೇಲೆ ತರುಣ ಮೂರನೆಯ ಬಾರಿ ಅಳಿಸಿದ. 14 ದೇಹದಾರ್ಢ್ಯಕ್ಕೆ ಹೋಗಿ 15 ಆಯಿತು, ಹೆಚ್ಚುವರಿ ಎರಡು. 12 ವರ್ಚಸ್ಸಿಗೆ ಹೋಗಿ 13 ಆಯಿತು, ಹೆಚ್ಚುವರಿ ಒಂದೇ ಒಂದು.

ಮೊದಲ ಗುಹೆಯಲ್ಲಿಯೇ ಗಾಬ್ಲಿನ್ನುಗಳು ಎದುರಾದವು. ಪುರೋಹಿತ ಮೂವರು ಸಂಗಾತಿಗಳನ್ನು ಹರಸಿದ, ತನಗೆ ಮಿಕ್ಕಲಿಲ್ಲ. ಒಂದು ಗಾಬ್ಲಿನ್ನು ಅವನ ಮೇಲೆಯೇ ಬಾಗುಕತ್ತಿ ಬೀಸಿತು. ಐದು ಅಂಕಗಳ ಗಾಯ. ದಾಳ ಉರುಳಿ 8 ಎಂದಿತು. ಎಂಟಕ್ಕೆ ಎರಡು ಕೂಡಿ ಹತ್ತು! ಆ 14 ವರ್ಚಸ್ಸಿನ ಬಳಿಯೇ ಉಳಿದಿದ್ದರೆ ಒಂಬತ್ತಾಗುತ್ತಿತ್ತು. ಮುಂದಿನ ಸರದಿ ವೀರನದು. ಅವನ ಹೊಡೆತ 14ಕ್ಕೆ ಬಂದು ನಿಂತಿತು; ಬೇಕಾದದ್ದು 15. ಆಶೀರ್ವಾದದ ಪುಟ್ಟ ದಾಳ ಎರಡನ್ನು ಸೇರಿಸಿತು, ಗಾಬ್ಲಿನ್ನು ಉರುಳಿತು. ಎಲ್ಲರೂ ವೀರನ ಬೆನ್ನು ತಟ್ಟಿದರು. ಗದ್ದಲದ ನಡುವೆ ಪುರೋಹಿತ ತನ್ನ ಹಾಳೆಯ ಮೇಲಿನ 10ನ್ನು ಅಳಿಸಿ 5 ಎಂದು ಬರೆದುಕೊಂಡ.