ದೋಣಿ ಹೆಸರಿನ ಊರು, ನೇಕಾರರ ಚರ್ಚು

ಓದಿದರೆ ‘ಲೋಡ್ಜ್’, ಕರೆಯೋದು ‘ವೂಚ್’. ಪೋಲಿಷ್ ಭಾಷೆಯಲ್ಲಿ ದೋಣಿ ಅಂತ ಅರ್ಥ. ತಮಾಷೆ ಅಂದ್ರೆ, ಇಲ್ಲಿ ದೋಣಿ ಬಿಡುವಂಥ ದೊಡ್ಡ ನದಿಯೇ ಇಲ್ಲ! ಊರನ್ನು ಬೆಳೆಸಿದ್ದು ಹತ್ತಿ ಮತ್ತು ಬಟ್ಟೆ. ನಮ್ಮ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ರಲ್ಲ, ಇದು ಪೋಲೆಂಡಿನ ಮ್ಯಾಂಚೆಸ್ಟರ್. ವಾರ್ಸಾದಿಂದ ರೈಲಲ್ಲಿ ಸುಮಾರು ಒಂದೂವರೆ ಗಂಟೆ.

ಆರು ತಿಂಗಳ ಪ್ರಾಜೆಕ್ಟ್‌ಗೆ ಬಂದವನಿಗೆ ಇಲ್ಲೇ ಉಳಿಯುವ ಆಫರ್ ಸಿಕ್ಕಿತ್ತು. ಊರಿಂದ ಅಮ್ಮನದು ದಿನಾ ಒಂದೇ ಪ್ರಶ್ನೆ: ‘ಯಾವಾಗ ಬರ್ತೀಯೋ?’ ಎರಡಕ್ಕೂ ಉತ್ತರ ಹೊಳೆಯದೆ, ಒಂದು ಭಾನುವಾರ ಪ್ಯೋತ್ರ್ಕೋವ್ಸ್ಕಾ ಬೀದಿ ಹಿಡಿದು ನಡೆದೆ. ನಾಲ್ಕು ಕಿಲೋಮೀಟರಿನಷ್ಟು ಉದ್ದದ ನೇರ ರಸ್ತೆ.

ಉತ್ತರ ತುದಿಯ ಸ್ವಾತಂತ್ರ್ಯ ಚೌಕದಲ್ಲಿ ಗುಮ್ಮಟದ ಚರ್ಚೊಂದಿದೆ. 1820ರಲ್ಲಿ, ರಷ್ಯಾದ ತ್ಸಾರ್ ಕೈಕೆಳಗಿದ್ದ ಪೋಲಿಷ್ ಸರ್ಕಾರ ಈ ಪುಟ್ಟ ಊರನ್ನು ಕೈಗಾರಿಕಾ ಪಟ್ಟಣ ಮಾಡಲು ಹೊರಟು, ಜರ್ಮನ್ ನೇಕಾರರನ್ನು ಕರೆಸಿತು. ಅವರಲ್ಲಿ ಬಹಳ ಮಂದಿ ಲೂಥರನ್ನರು. ಕ್ಯಾಥೊಲಿಕ್ ನಾಡಿನಲ್ಲಿ ತಮಗಂತ ಮೊದಲ ಚರ್ಚು ಕಟ್ಟಿಕೊಂಡದ್ದು ಈ ಚೌಕದಲ್ಲೇ. ಕೈಮಗ್ಗ ಹೋಗಿ ಗಿರಣಿ ಬಂತು, ಒಂದು ಚರ್ಚು ಸಾಲದಾಯ್ತು. 1880ರ ದಶಕದಲ್ಲಿ ಗಿರಣಿ ಮಾಲೀಕ ಶೈಬ್ಲರ್ ಮನೆತನದ ನೆರವಿನಿಂದ ಪಕ್ಕದ ಬೀದಿಯಲ್ಲಿ ಸಂತ ಯೋಹಾನರ ಚರ್ಚು ಎದ್ದಿತು. ಮೂರನೆಯದು ದಕ್ಷಿಣದ ಕಡೆ, ಸಂತ ಮತ್ತಾಯರದು. 1909ರಲ್ಲಿ ಶುರುವಾದ ಕೆಲಸ ಮಹಾಯುದ್ಧದಲ್ಲಿ ನಿಂತು, ಮುಗಿದದ್ದು 1928ರಲ್ಲಿ.

ಆಮೇಲೆ ಬಂದದ್ದು 1939. ನಾಜಿಗಳು ಯಹೂದಿಗಳನ್ನು ಘೆಟ್ಟೋಗೆ ತಳ್ಳಿದರು, ಊರಿನ ಹೆಸರನ್ನೇ ಬದಲಿಸಿದರು. ಅವರ ಜೊತೆ ನಿಂತ ಲೂಥರನ್ನರೂ ಇದ್ದರು, ಅವರಿಂದಲೇ ಪ್ರಾಣ ಕಳೆದುಕೊಂಡವರೂ ಇದ್ದರು. ಪೋಲೆಂಡಿನ ಲೂಥರನ್ ಬಿಷಪ್ ಯೂಲಿಯುಶ್ ಬುರ್ಶೆ ಜರ್ಮನ್ ಮೂಲದ ಮನೆತನದವರು, ಆದರೂ ತಾವು ಪೋಲಿಷರು ಅಂತಲೇ ಬದುಕಿದರು. ನಾಜಿಗಳ ಸೆರೆಯಲ್ಲೇ 1942ರಲ್ಲಿ ತೀರಿಕೊಂಡರು.

1945ರಲ್ಲಿ ಜರ್ಮನ್ನರು ಓಡಿಹೋದರು, ಉಳಿದವರಲ್ಲಿ ಹೆಚ್ಚಿನವರನ್ನು ಹೊರಹಾಕಲಾಯಿತು. ಮೊದಲ ಎರಡು ಚರ್ಚುಗಳು ಕ್ಯಾಥೊಲಿಕರ ಪಾಲಾದವು. ಲೂಥರನ್ನರ ಕೈಯಲ್ಲಿ ಉಳಿದದ್ದು ಸಂತ ಮತ್ತಾಯರದು: ಭಾರೀ ಕಟ್ಟಡ, ಕೆಲವೇ ಜನ.

ನಾನು ಒಳಗೆ ಹೋದಾಗ ಪ್ರಾರ್ಥನೆ ಮುಗಿದಿತ್ತು. ಬೆಂಚಿನ ಮೇಲಿದ್ದ ಪುಸ್ತಕಗಳನ್ನು ಜೋಡಿಸುತ್ತಿದ್ದ ಹಿರಿಯರೊಬ್ಬರು ನಿಧಾನವಾಗಿ ಇಂಗ್ಲಿಷಿನಲ್ಲಿ ಮಾತಾಡಿಸಿದರು. ‘ಲೂಥರನ್ ಅಂದ್ರೆ ಸಾಕು, ಜರ್ಮನ್ನರಾ ಅಂತ ಕೇಳ್ತಾರೆ. ನಾನು ಹುಟ್ಟಿದ್ದು ಇದೇ ಊರಲ್ಲಿ.’ ಬೇಸರವೇನೂ ಇರಲಿಲ್ಲ, ಹೇಳಿ ಹೇಳಿ ರೂಢಿಯಾದ ಮಾತು.

ನನಗೆ ಮಾತ್ರ ಚುರುಕ್ ಅಂತು. ಬೆಂಗಳೂರಲ್ಲಿ ಹತ್ತು ವರ್ಷದಿಂದ ಇರುವ, ಕನ್ನಡ ಕಲಿತ ಟೀಮ್‌ಮೇಟ್‌ಗೆ ‘ನೀವು ಹೊರಗಿನವ್ರು ಬಿಡ್ರೀ’ ಅಂತ ನಾನೇ ಎಷ್ಟು ಸಲ ರೇಗಿಸಿದ್ದೆ! ಅವರು ಪ್ರತಿ ಸಲವೂ ನಕ್ಕು ಸುಮ್ಮನಾಗಿದ್ದರು.

ಆಫರ್‌ಗೂ ಅಮ್ಮನಿಗೂ ಇನ್ನೂ ಉತ್ತರ ಕೊಟ್ಟಿಲ್ಲ. ಆದರೆ ಆ ಟೀಮ್‌ಮೇಟ್‌ಗೆ, ಚರ್ಚಿನ ಮೆಟ್ಟಿಲ ಮೇಲೆ ಕೂತು ಅವತ್ತೇ ಮೆಸೇಜ್ ಹಾಕಿದೆ.