ಅಡಿಕೆ ಹಾಳೆಯ ಛಂದಸ್ಸು

ಎಪ್ಪತ್ತರ ದಶಕದಲ್ಲಿ ಶಿಕಾರಿಪುರ ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ನಾವು ಛಂದಸ್ಸು ಕಲಿತದ್ದು ಅಡಿಕೆ ಹಾಳೆಯಲ್ಲಿ. ತೋಟದಲ್ಲಿ ಬಿದ್ದ ಹಾಳೆಯನ್ನು ನೆನೆಸಿ, ಮೆತ್ತಗಾದ ಮೇಲೆ ಕತ್ತರಿಸಬೇಕು. ಲಘುವಿಗೆ ಒಂದು ಬೆರಳಗಲ, ಗುರುವಿಗೆ ಎರಡು. ಇಡೀ ತರಗತಿಗೆ ಒಬ್ಬನದೇ ಬೆರಳು ಅಳತೆ. ಇಲ್ಲದಿದ್ದರೆ ಒಂದೇ ಪದ್ಯ ಒಬ್ಬೊಬ್ಬರ ಮುಂದೆ ಒಂದೊಂದು ಉದ್ದಕ್ಕೆ ಬೆಳೆಯುತ್ತಿತ್ತು.

ಕನ್ನಡ ಪಂಡಿತರು ಕುಮಾರವ್ಯಾಸನ ಪದ್ಯವೊಂದನ್ನು ನಿಧಾನವಾಗಿ ಓದುವರು. ನಾವು ಅಕ್ಷರಕ್ಕೊಂದು ತುಂಡಿನಂತೆ ನೆಲದ ಮೇಲೆ ಜೋಡಿಸುತ್ತ ಹೋಗುವುದು. ಭಾಮಿನಿ ಷಟ್ಪದಿಯ ಮೊದಲೆರಡು ಸಾಲು 14 ಬೆರಳಿಗೆ ನಿಲ್ಲುತ್ತವೆ, ಮೂರನೆಯದು 23ರವರೆಗೆ ಚಾಚಿಕೊಳ್ಳುತ್ತದೆ. ಆಮೇಲೆ ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಗೊಂದು ಕಡ್ಡಿಯಿಟ್ಟು ಗಣ ಬಿಡಿಸಬೇಕು. ಕಡ್ಡಿ ಯಾವುದಾದರೂ ಗುರುವಿನ ನಡುಮಧ್ಯೆ ಬಂದು ಕೂತರೆ ಲೆಕ್ಕ ಕೆಟ್ಟಿದೆ ಎಂದೇ ಅರ್ಥ. ಹಿಂದಕ್ಕೆ ಹೋಗಿ ನೋಡಿದರೆ ಒತ್ತಕ್ಷರದ ಹಿಂದಿನ ಅಕ್ಷರವನ್ನು ಲಘು ಎಂದು ಹಾಕಿರುತ್ತಿದ್ದೆವು. ತಪ್ಪು ಎಲ್ಲಿದೆ ಎಂದು ಪಂಡಿತರು ಹೇಳುವ ಮೊದಲೇ ಹಾಳೆ ಹೇಳಿರುತ್ತಿತ್ತು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಆ ಕಾಲದ ಬಗ್ಗೆ ಅರ್ಧ ಸತ್ಯ ಹೇಳಿದಂತೆ. ಗಣ ತಪ್ಪಿದವನ ಅಂಗೈಗೆ ಬೆತ್ತ ಬೀಳುತ್ತಿತ್ತು. ನಮ್ಮ ಜೊತೆ ಓದಿದ ಹೆಣ್ಣುಮಕ್ಕಳಲ್ಲಿ ಹಲವರು ಏಳನೇ ತರಗತಿಗೇ ಶಾಲೆ ಬಿಟ್ಟಿದ್ದರು, ಹಾಳೆ ಕತ್ತರಿಸುವ ಸರದಿ ಅವರಿಗೆ ಬರಲೇ ಇಲ್ಲ. ಇನ್ನು ಪದ್ಯದ ವಿಚಾರ. ಗಣ ಮುಗಿಯುವ ಕಡೆ ಪದ ಮುಗಿಯುವುದಿಲ್ಲ, ಎಷ್ಟೋ ಪದಗಳು ಕಡ್ಡಿ ದಾಟಿ ಆಚೆ ಗಣಕ್ಕೆ ಕಾಲು ಚಾಚಿರುತ್ತವೆ. ಅದು ನಮ್ಮ ಕಣ್ಣೆದುರೇ ನೆಲದ ಮೇಲಿತ್ತು. ಕವಿ ಹೀಗೇಕೆ ಮಾಡಿದ, ಓದಿನ ಓಟಕ್ಕೆ ಅದರಿಂದ ಏನು ಬಂತು ಎಂದು ಯಾರೂ ಕೇಳಲಿಲ್ಲ. ಪರೀಕ್ಷೆಗೆ ಬೇಕಿದ್ದದ್ದು ಪ್ರಸ್ತಾರ, ಗಣ ವಿಂಗಡಣೆ, ಛಂದಸ್ಸಿನ ಹೆಸರು.

ಬಳ್ಳಿಗಾವಿಯ ಕಲ್ಲುಗಳೂ ಪಾಠಕ್ಕೆ ಒದಗಲಿಲ್ಲ. ಅಲ್ಲಿನ ಶಾಸನಗಳ ತುಂಬ ಕಂದಗಳಿವೆ, ವೃತ್ತಗಳಿವೆ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಶಿಕಾರಿಪುರದ ಶಾಸನಗಳು 1902ರಲ್ಲಿ ಏಳನೇ ಸಂಪುಟದಲ್ಲಿ, ಸೊರಬದವು 1904ರಲ್ಲಿ ಎಂಟನೆಯದರಲ್ಲಿ ಅಚ್ಚಾಗಿದ್ದವು. ಕಲ್ಲು ನಮ್ಮ ಊರಿನ ಹತ್ತಿರದ್ದೇ, ಪದ್ಯ ಮಾತ್ರ ಪುಸ್ತಕದ್ದು ಎಂಬಂತೆ ಓದಿ ಮುಗಿಸಿದೆವು.

ಈಗ ಸೊರಬ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯ ಕನ್ನಡ ಮೇಡಂ ಆ ಕಲ್ಲಿನಿಂದಲೇ ಶುರು ಮಾಡುತ್ತಾರೆ. ಶಾಸನದ ಒಂದು ಕಂದವನ್ನು ಇಂದಿನ ಅಕ್ಷರದಲ್ಲಿ, ಎಲ್ಲೂ ಬಿಡಿಸದೆ, ಉದ್ದನೆಯ ರಟ್ಟಿನ ಪಟ್ಟಿಯ ಮೇಲೆ ಬರೆದುಕೊಡುತ್ತಾರೆ. ಕಲ್ಲಿನ ಮೇಲೆ ಸಾಲು ಮುರಿಯುವುದು ಕಲ್ಲು ಮುಗಿದಲ್ಲಿ, ಪದ್ಯ ಮುರಿಯುವಲ್ಲಿ ಅಲ್ಲ. ಮಕ್ಕಳು ಕತ್ತರಿ ಹಿಡಿದು ನಾಲ್ಕು ಪಾದ ಹುಡುಕಬೇಕು. ಎರಡನೆಯ ಅಕ್ಷರದ ಪ್ರಾಸ ಒಂದು ಸುಳಿವು. 12, 20, 12, 20 ಮಾತ್ರೆಯ ಲೆಕ್ಕ ಇನ್ನೊಂದು. ಅಳತೆಗೆ ಬೆರಳಿಲ್ಲ, ಚೌಕಳಿ ಪುಸ್ತಕದ ಒಂದು ಮನೆಗೆ ಒಂದು ಮಾತ್ರೆ. ನಮ್ಮ ಬೆರಳಿಗಿಂತ ಇದು ಕರಾರುವಾಕ್ಕು. ಹಾಳೆ ಹೇಗೂ ಸಿಗುವುದಿಲ್ಲ, ತಟ್ಟೆ ಮಾಡುವವರು ತೋಟದಿಂದಲೇ ಕೊಂಡೊಯ್ಯುತ್ತಾರೆ.

ಎಲ್ಲ ಶಾಲೆಗಳಲ್ಲೂ ಹೀಗಿಲ್ಲ. ಆರು ಸಾಲಿದ್ದರೆ ಷಟ್ಪದಿ, ಮೊದಲೆರಡು ಗಣ ಮೂರು–ನಾಲ್ಕಾದರೆ ಭಾಮಿನಿ, ಐದು–ಐದಾದರೆ ವಾರ್ಧಕ ಅಥವಾ ಕುಸುಮ ಎಂಬ ಗುರುತು ಹಿಡಿದುಕೊಂಡು ಉತ್ತರ ಬರೆದುಬಿಡುವ ಮಕ್ಕಳನ್ನು ಬೇಕಾದಷ್ಟು ಕಂಡಿದ್ದೇನೆ. ಒಂದು ಸಾಲನ್ನೂ ಬಾಯಿಬಿಟ್ಟು ಓದದೆ ಪೂರ್ತಿ ಅಂಕ ಬರುತ್ತದೆ. ನನಗೆ ಸಂಕಟವಾಗುವುದು ಇಲ್ಲಿ. ಬೆತ್ತ ಹೋದದ್ದು ಒಳ್ಳೆಯದಾಯಿತು, ಅದರ ಜೊತೆ ಕೈಕೆಲಸವೂ ಹೋಗಬೇಕಿರಲಿಲ್ಲ.

ಲೆಕ್ಕಕ್ಕೆ ಸಿಗದ ಕವಿತೆಯೂ ಈ ನೆಲದ್ದೇ. ಅಲ್ಲಮ ಬಳ್ಳಿಗಾವಿಯವನು, ಅಕ್ಕಮಹಾದೇವಿ ಉಡುತಡಿಯವಳು. ಎರಡೂ ಶಿಕಾರಿಪುರ ತಾಲ್ಲೂಕಿನ ಊರುಗಳು. ವಚನಕ್ಕೆ ಹಾಳೆ ಜೋಡಿಸಿದರೆ ಗಣವೇ ಕೂಡದು. ನಮ್ಮ ಪಂಡಿತರು ವಚನದ ದಿನ ಹಾಳೆಯನ್ನು ಮುಟ್ಟುತ್ತಲೇ ಇರಲಿಲ್ಲ, ಕಂಠಪಾಠ ಮಾಡಿಸಿ ಮುಗಿಸುತ್ತಿದ್ದರು. ಈ ಮೇಡಂ ಒಂದುಸಿರಿಗೆ ಓದುವಷ್ಟನ್ನು ಒಂದೊಂದು ಚೀಟಿಯಲ್ಲಿ ಬರೆಸಿ, ಕಲಸಿ, ಗುಂಪುಗಳಿಗೆ ಹಂಚಿದರು. ಮಾತ್ರೆ ಎಣಿಸುವಂತಿಲ್ಲ. ಯಾವ ಮಾತು ಯಾವುದಕ್ಕೆ ಉತ್ತರ, ಎಲ್ಲಿ ಒಂದೇ ಅಚ್ಚಿನ ವಾಕ್ಯ ಮರಳಿ ಬರುತ್ತದೆ, ಎಲ್ಲಿ ತಿರುಗುತ್ತದೆ ಎಂದು ನೋಡಿ ಜೋಡಿಸಬೇಕು.

ಒಬ್ಬ ಹುಡುಗಿ ‘ಚೆನ್ನಮಲ್ಲಿಕಾರ್ಜುನ’ ಎಂಬ ಅಂಕಿತದ ಚೀಟಿಯನ್ನು ಮೊದಲಿಗೇ ಇಟ್ಟು ಓದಿದಳು. “ಮೇಡಂ, ಹೀಗಿಟ್ರೆ ದೇವ್ರನ್ನ ಕೂಗಿ ಆಮೇಲೆ ಮಾತಾಡಿದ ಹಾಗಾಗುತ್ತೆ. ಕೊನೆಗಿಟ್ರೆ ಎಲ್ಲಾ ಹೇಳಿ, ಈಗ ನೀನೇ ಹೇಳು ಅಂದ ಹಾಗೆ” ಎಂದಳು. ಪಕ್ಕದವಳು ಒಪ್ಪಲಿಲ್ಲ. ಕೊನೆಗಿಟ್ಟರೆ ಅದು ಬರೀ ಸಹಿ ಎಂದು ಅವಳ ವಾದ. ಇಬ್ಬರೂ ಚೀಟಿ ಸರಿಸಿ ಸರಿಸಿ ಗಟ್ಟಿಯಾಗಿ ಓದಿ ತೋರಿಸಿದರು. ಗಂಟೆ ಹೊಡೆದರೂ ತೀರ್ಮಾನವಾಗಲಿಲ್ಲ. ಮೇಡಂ ಗಣಿತದ ಮೇಷ್ಟರನ್ನು ಕೇಳಿ ಮರುದಿನದ ಒಂದು ಪಿರಿಯಡ್ಡನ್ನು ಇದಕ್ಕೇ ಪಡೆದುಕೊಂಡರು.